ಫೈಲ್ ಓದುವ ಮೊದ್ಲು ಎಡಿ ಕಾರ್ಡ್ ಕೇಳಿ

ಮಂಗಳೂರಲ್ಲಿ ವಕೀಲರ ಆಫೀಸಲ್ಲಿ ಕ್ಲರ್ಕ್ ನಾನು, ಮಾಜಿ ಸೈನಿಕರ ಡಿಸೆಬಿಲಿಟಿ ಪೆನ್ಷನ್ ಫೈಲೆಲ್ಲ ನನ್ನ ಕೈಯಿಂದಲೇ ಹೋಗುವುದು. ಹೋದ ವರ್ಷ ಬಂಟ್ವಾಳ ಕಡೆಯ ಒಬ್ರು ಹವಾಲ್ದಾರ್ ಬಂದಿದ್ರು, ಫಿರಂಗಿ ಹತ್ರ ಕೆಲಸ ಮಾಡಿ ಕಿವಿ ಹೋದವರು, ಎಂತ ಕೇಳಿದ್ರೂ ಎಡಗಿವಿ ನನ್ನ ಕಡೆ ತಿರುಗಿಸಿ ಬಾಯಿ ನೋಡ್ತಿದ್ರು. ಮೆಡಿಕಲ್ ಬೋರ್ಡ್ 30% ಡಿಸೆಬಿಲಿಟಿ ಅಂತ ಕೊಟ್ಟಿತ್ತು, ಆದ್ರೆ ಸರ್ವೀಸಿಂದ ಆದದ್ದಲ್ಲ ಅಂತ ಪೆನ್ಷನ್ ರಿಜೆಕ್ಟ್.

ಗೆಲ್ಲುವ ಕೇಸೇ ಅಂದ್ಕೊಂಡೆ. ಸೇರುವಾಗ ದಾಖಲೆಯಲ್ಲಿ ಕಾಯಿಲೆ ಇಲ್ಲದಿದ್ರೆ ಸರ್ವೀಸಲ್ಲೇ ಬಂದದ್ದು ಅಂತ ಹಿಡೀಬೇಕು, ಅಲ್ಲ ಅಂತ ತೋರಿಸುವ ಹೊಣೆ ಇಲಾಖೆಯದ್ದು ಅಂತ ಸುಪ್ರೀಂ ಕೋರ್ಟ್ 2013ರ ಧರಮ್‌ವೀರ್ ಸಿಂಗ್ ಕೇಸಲ್ಲಿ ಹೇಳಿ ಆಗಿದೆ. 2014ರ ರಾಮ್ ಅವತಾರ್ ತೀರ್ಪು ಹಿಡಿದ್ರೆ ಪೆನ್ಷನ್ ಲೆಕ್ಕಕ್ಕೆ 30% ಇದ್ದದ್ದು 50% ಆಗ್ತದೆ. ಎರಡು ರಾತ್ರಿ ಕೂತು ಪಾಯಿಂಟ್ ಬರ್ದು ಕೊಟ್ಟೆ, ಸರ್ ಕೊಚ್ಚಿಯ ಸಶಸ್ತ್ರ ಪಡೆಗಳ ಟ್ರಿಬ್ಯೂನಲಲ್ಲಿ ಹಾಕಿದ್ರು.

ಅಲ್ಲಿ ಕಿವಿಯ ವಿಷ್ಯವೇ ಬರ್ಲಿಲ್ಲ. ಫಸ್ಟ್ ಅಪೀಲ್ ಎಲ್ಲಿ ಅಂತ ಕೇಳಿದ್ರು, ಅಷ್ಟೇ. ಈ ಟ್ರಿಬ್ಯೂನಲಿನ 2007ರ ಕಾಯ್ದೆಯ ಸೆಕ್ಷನ್ 21 ಪ್ರಕಾರ ಇಲಾಖೆಯೊಳಗಿನ ಅಪೀಲ್ ಮುಗೀಬೇಕು, ಇಲ್ಲ ಅಪೀಲ್ ಹಾಕಿ ಆರು ತಿಂಗಳು ಉತ್ತರ ಬರದೆ ಇರ್ಬೇಕು, ಅಲ್ಲಿವರೆಗೆ ಸಾಮಾನ್ಯವಾಗಿ ಅರ್ಜಿ ತಗೊಳ್ಳುದಿಲ್ಲ. "ಅಪೀಲ್ ಹಾಕಿದ್ದೀರಾ" ಅಂತ ನಾನು ಕೇಳಿದ್ದೆ, ಅವ್ರು ಹೌದು ಅಂದಿದ್ರು, ನಾನು ಕಾಗದ ನೋಡ್ಲಿಲ್ಲ. ಆಮೇಲೆ ತೆಗೆದು ನೋಡಿದ್ರೆ ಅದು ಸೈನಿಕರ ಸರ್ವೀಸ್ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಕೈಯಲ್ಲಿ ಬರೆದ ಮನವಿ, ಅದರ ತಾರೀಕು ರಿಜೆಕ್ಷನ್ ಲೆಟರಿಗಿಂತಲೂ ಹಿಂದಿನದ್ದು.

ಕೇಸ್ ವಜಾ. ಪುನಃ ಹಾಕ್ಬಹುದು, ಅದು ಸರಿ, ಆದ್ರೆ ದುಡ್ಡು ಹೋಗುವುದು ಇಲ್ಲೇ. 2008ರ ತರ್ಸೇಮ್ ಸಿಂಗ್ ತೀರ್ಪಿನ ನಂತ್ರ ಹಳೇ ಬಾಕಿ ಸಾಮಾನ್ಯವಾಗಿ ಕೇಸ್ ಹಾಕಿದ ದಿನದಿಂದ ಹಿಂದಕ್ಕೆ ಮೂರು ವರ್ಷದ್ದು ಮಾತ್ರ ಸಿಗುವುದು, ಹಾಗಾಗಿ ನಾವು ತಡ ಮಾಡಿದ ಒಂದೊಂದು ತಿಂಗಳಿಗೂ ಅವರ ಒಂದು ತಿಂಗಳ ಬಾಕಿ ಹೋಗ್ತದೆ. ಇದನ್ನು ಅವರಿಗೆ ಗಟ್ಟಿಯಾಗಿ, ಎರಡೆರಡು ಸಲ ಹೇಳಿ ಅರ್ಥ ಮಾಡಿಸ್ಬೇಕಾಯ್ತು, ಪಕ್ಕದ ಟೇಬಲಿನವ್ರೂ ಕೇಳಿಸ್ಕೊಂಡ್ರು. ಅವ್ರು ಬೈಲಿಲ್ಲ, "ನಂಗೆ ಗೊತ್ತಾಗ್ಲಿಲ್ಲ ಮಗಾ" ಅಂದ್ರು. ಗೊತ್ತಿರ್ಬೇಕಾದದ್ದು ನಂಗೆ.

ಈಗ ಯಾರೇ ಬಂದ್ರೂ ಮೊದ್ಲು ರಿಜೆಕ್ಷನ್ ಲೆಟರ್, ಅದು ಬಂದ ಪೋಸ್ಟ್ ಕವರ್, ಅಪೀಲ್ ಕಾಪಿ, ಎಡಿ ಕಾರ್ಡ್ (ಪೋಸ್ಟ್ ತಲುಪಿತು ಅಂತ ತಗೊಂಡವ್ರ ಸಹಿ ಆಗಿ ವಾಪಸ್ ಬರುವ ಕಾರ್ಡ್), ಇಷ್ಟನ್ನು ಮೇಜಿನ ಮೇಲೆ ಇಡಿಸಿಯೇ ಮಾತು. ಕವರ್ ಬಿಸಾಡ್ಬೇಡಿ ಮಾರಾಯ್ರೆ, ಲೆಟರಲ್ಲಿ ಒಂದು ತಾರೀಕು ಇರ್ತದೆ, ಮನೆಗೆ ಬಂದದ್ದು ಇನ್ನೊಂದು ದಿನ, ತಡ ಮನ್ನಾ ಮಾಡಿ ಅಂತ ಕೇಳುವಾಗ ಆ ಪೋಸ್ಟ್ ಸೀಲೇ ಸಾಕ್ಷಿ. ಮತ್ತೆ ಉತ್ತರ ಬರ್ಲಿಲ್ಲ ಅಂತ ಕಾಯ್ತಾನೇ ಕೂತ್ಕೊಳ್ಳುದೂ ತಪ್ಪು, ಆರು ತಿಂಗಳು ಕಳೆದ ಮೇಲೆ ಟ್ರಿಬ್ಯೂನಲಿಗೆ ಹೋಗ್ಲಿಕ್ಕೆ ಇರುವುದು ಇನ್ನಾರು ತಿಂಗಳು.

ಹವಾಲ್ದಾರರ ಫಸ್ಟ್ ಅಪೀಲನ್ನು ತಡದ ಕಾರಣ ಬರೆದು ಕಳಿಸಿ ಬರುವ ತಿಂಗಳಿಗೆ ಆರು ತಿಂಗಳು. ಎಡಿ ಕಾರ್ಡಿನ ಒಂದು ಜೆರಾಕ್ಸ್ ಅವರ ಹತ್ರ ಉಂಟು, ಇನ್ನೊಂದು ನನ್ನ ಡ್ರಾವರಲ್ಲಿ, ಒರಿಜಿನಲ್ ಫೈಲಲ್ಲಿ.