ಕೊರೊನಾ ಕಾಲದ ಯಹೂದಿ ಡೇ ಕ್ಯಾಂಪ್: ಗುಂಪು ಬೆರೆಯದಂತೆ ಕಾಯುವುದು ಹೇಗೆ

ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2020ರ ಬೇಸಿಗೆಯಲ್ಲಿ ಪ್ರಕಟಿಸಿದ ಎರಡು ವರದಿಗಳನ್ನು ಮಕ್ಕಳ ಬೇಸಿಗೆ ಕ್ಯಾಂಪ್ ನಡೆಸುವವರು ಪಕ್ಕಪಕ್ಕ ಇಟ್ಟುಕೊಂಡು ಓದಬೇಕು. ಜಾರ್ಜಿಯಾ ರಾಜ್ಯದ ಒಂದು ವಸತಿ ಕ್ಯಾಂಪಿನಲ್ಲಿ ಪರೀಕ್ಷೆಯ ಫಲಿತಾಂಶ ಸಿಕ್ಕ 344 ಜನರ ಪೈಕಿ 260 ಮಂದಿಗೆ ಸೋಂಕು. ಮೇನ್ ರಾಜ್ಯದ ನಾಲ್ಕು ವಸತಿ ಕ್ಯಾಂಪುಗಳಲ್ಲಿ ಒಟ್ಟು 1,022 ಜನರಿದ್ದರೂ ಮೂವರಿಗೆ ಮಾತ್ರ ಸೋಂಕು, ಅವರಿಂದ ಬೇರೆ ಯಾರಿಗೂ ಹಬ್ಬಲಿಲ್ಲ. ಜಾರ್ಜಿಯಾದವರೂ ಪರೀಕ್ಷೆ ಮಾಡಿಸಿದ್ದರು. ಬರುವ ಮುನ್ನ 12 ದಿನದೊಳಗಿನ ನೆಗೆಟಿವ್ ವರದಿ ಕಡ್ಡಾಯವಾಗಿತ್ತು. ಆದರೆ ಮಕ್ಕಳಿಗೆ ಮಾಸ್ಕ್ ಕಡ್ಡಾಯವಿರಲಿಲ್ಲ, ಕಟ್ಟಡಗಳ ಕಿಟಕಿ ಬಾಗಿಲು ತೆರೆದಿಡಲಿಲ್ಲ, ದಿನಾ ಗಟ್ಟಿಯಾಗಿ ಹಾಡು, ಕೂಗು. ಮೇನ್‌ನಲ್ಲಿ ಪರೀಕ್ಷೆಯ ಜೊತೆಗೆ ಕ್ವಾರಂಟೈನ್, ಮಾಸ್ಕ್, ಅಂತರ ಎಲ್ಲವೂ ಇತ್ತು. ಮಕ್ಕಳನ್ನು ಸಣ್ಣ ಗುಂಪುಗಳಾಗಿ ಬೇರೆಬೇರೆ ಇಟ್ಟಿದ್ದರು.

ಡೇ ಕ್ಯಾಂಪಿನ ಪಾಡು ಬೇರೆ. ನ್ಯೂಯಾರ್ಕ್ ರಾಜ್ಯ ಆ ವರ್ಷ ವಸತಿ ಕ್ಯಾಂಪುಗಳಿಗೆ ಅವಕಾಶ ಕೊಡದೆ, ಜೂನ್ 29ರಿಂದ ಡೇ ಕ್ಯಾಂಪುಗಳನ್ನಷ್ಟೇ ತೆರೆಯಲು ಬಿಟ್ಟಿತು. ಇಲ್ಲಿ ಮಗು ಸಂಜೆ ಮನೆಗೆ ಹೋಗಿ ಬೆಳಗ್ಗೆ ವಾಪಸ್ ಬರುತ್ತದೆ, ಅಂದರೆ ಅದರ ಜೊತೆ ಇಡೀ ಮನೆಯೇ ಬಂದ ಹಾಗೆ. ಸೋಂಕು ಒಳಗೆ ಬಾರದಂತೆ ತಡೆಯುವುದು ಆಗದ ಮಾತು. ಬಂದದ್ದು ಒಂದು ಗುಂಪಿನಲ್ಲೇ ನಿಲ್ಲುವಂತೆ ನೋಡಿಕೊಳ್ಳಬಹುದು, ಕೆಲಸವೆಲ್ಲ ಅದಕ್ಕಾಗಿಯೇ.

ಹತ್ತರಿಂದ ಹದಿನೈದು ಮಕ್ಕಳು, ಅವರನ್ನು ನೋಡಿಕೊಳ್ಳುವ ಇಬ್ಬರು ಕೌನ್ಸೆಲರ್‌ಗಳು: ಅದು ಒಂದು ಗುಂಪು. ಕಾಗದದ ಮೇಲೆ ಬಲು ಸುಲಭ. ನೋಂದಣಿ ಅರ್ಜಿಯಲ್ಲೇ ಮೂರು ಸಂಗತಿ ಕೇಳಿಟ್ಟುಕೊಳ್ಳಿ: ಅಣ್ಣತಮ್ಮ ಅಕ್ಕತಂಗಿಯರು ಕ್ಯಾಂಪಿಗೆ ಬರುತ್ತಾರಾ, ಯಾವ ಬಸ್ಸು, ಯಾರ ಮನೆಯ ಕಾರಿನಲ್ಲಿ ಜೊತೆಗೆ ಬರುತ್ತಾರೆ. ಆರು ವರ್ಷದ ತಂಗಿ ಒಂದು ಗುಂಪಿನಲ್ಲಿ, ಒಂಬತ್ತರ ಅಣ್ಣ ಇನ್ನೊಂದರಲ್ಲಿ ಇದ್ದರೆ ಆ ಎರಡು ಗುಂಪುಗಳಿಗೆ ಗಂಟು ಬಿದ್ದಂತೆಯೇ. ಈ ಗಂಟುಗಳನ್ನು ಸೀಸನ್ ಶುರುವಾಗುವ ಮುಂಚೆಯೇ ಒಂದು ಹಾಳೆಯಲ್ಲಿ ಬರೆದಿಡಬೇಕು. ಸೋಂಕು ಪತ್ತೆಯಾದ ರಾತ್ರಿ ಹುಡುಕಲು ಕೂತರೆ ಬೆಳಗಾಗುತ್ತದೆ.

ಗುಂಪು ನಿಜಕ್ಕೂ ಕೈಕೊಡುವುದು ದೊಡ್ಡವರಿಂದ. ಈಜು ಕಲಿಸುವವರು, ಹಾಡು ಹೇಳಿಕೊಡುವವರು, ಕೌನ್ಸೆಲರ್ ಊಟಕ್ಕೆ ಹೋದಾಗ ಅರ್ಧ ಗಂಟೆ ಬದಲಿಗೆ ಬರುವವರು, ಹೀಗೆ ದಿನಕ್ಕೆ ಆರೆಂಟು ಗುಂಪು ಸುತ್ತುವವರಿರುತ್ತಾರೆ. ಹಾಡಿನವರು ಮಾಸ್ಕ್ ಹಾಕಿಕೊಂಡು, ಹೊರಗಡೆಯೇ, ಆರಡಿಗಿಂತ ಹೆಚ್ಚು ದೂರ ನಿಂತು ಗಿಟಾರ್ ನುಡಿಸಲಿ. ಬದಲಿಗೆ ಬರುವವರನ್ನು ಎರಡು ಗುಂಪಿಗೊಬ್ಬರಂತೆ ಗೊತ್ತು ಮಾಡಿ, ಮೂರನೆಯದಕ್ಕೆ ಕಳಿಸಬೇಡಿ. ಹದಿನೇಳು ಹದಿನೆಂಟರ ಕೌನ್ಸೆಲರ್‌ಗಳು ದಿನವೆಲ್ಲ ಶಿಸ್ತಾಗಿದ್ದು, ಊಟದ ಹೊತ್ತಿಗೆ ಎಸಿ ಹಾಕಿದ ಪುಟ್ಟ ಸ್ಟಾಫ್ ರೂಮಿನಲ್ಲಿ ಮಾಸ್ಕ್ ತೆಗೆದು ಒತ್ತೊತ್ತಾಗಿ ಕೂರುತ್ತಾರೆ. ಆ ಕೋಣೆಗೆ ಬೀಗ ಹಾಕಿ, ಮರದ ಕೆಳಗೆ ಬೇರೆಬೇರೆ ಮೇಜು ಹಾಕಿಕೊಡಿ.

ಇನ್ನೊಂದು ಮಳೆ. ಈಶಾನ್ಯ ಅಮೆರಿಕದಲ್ಲಿ ಜುಲೈ ಮಧ್ಯಾಹ್ನದ ಗುಡುಗು ಮಳೆ ಹೇಳಿ ಕೇಳಿ ಬರುವುದಿಲ್ಲ. ಗುಡುಗು ಕೇಳಿದೊಡನೆ ಎಲ್ಲರೂ ಒಳಗೆ. ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯುವವರೆಗೆ ಹೊರಬರುವಂತಿಲ್ಲ. ಮೊದಲೇ ಜಾಗ ಗೊತ್ತುಮಾಡದಿದ್ದರೆ ನೂರೈವತ್ತು ಮಕ್ಕಳು ಒಂದೇ ಜಿಮ್‌ಗೆ ನುಗ್ಗುತ್ತಾರೆ, ವಾರಗಟ್ಟಲೆ ಕಾದುಕೊಂಡದ್ದು ಅಲ್ಲಿಗೆ ಮುಗಿಯಿತು. ಪ್ರತಿ ಗುಂಪಿಗೂ ಅದರದೇ ಕೋಣೆ, ಅದರದೇ ಬಾಗಿಲು ಇರಬೇಕು. ಅಷ್ಟು ಕೋಣೆ ಇಲ್ಲದಿದ್ದರೆ ಅಷ್ಟು ಮಕ್ಕಳನ್ನು ಸೇರಿಸಿಕೊಳ್ಳಬೇಡಿ. ಟೆಂಟ್ ಸಿಡಿಲಿಗೆ ಆಸರೆಯಲ್ಲ. ಬರೀ ಮಳೆಗೆ ಬಳಸಿದರೂ ನಾಲ್ಕೂ ಬದಿಯ ಪರದೆ ಇಳಿಸಿಬಿಟ್ಟರೆ ಗಾಳಿಯಾಡದ ಕೋಣೆಯೇ ಆಗುತ್ತದೆ.

ಗೇಟಿನಲ್ಲಿ ಜ್ವರ ನೋಡುವುದಕ್ಕೆ ಇಷ್ಟು ಬೆಲೆ ಇಲ್ಲ. ಎಸಿ ಕಾರಿನಿಂದ ಆಗಷ್ಟೇ ಇಳಿದ ಮಗುವಿನ ಹಣೆ ಕಡಿಮೆ ತೋರಿಸುತ್ತದೆ, ಬಿಸಿಲಲ್ಲಿ ನಿಂತ ಮಗುವಿನದ್ದು ಜಾಸ್ತಿ. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ನೆರಳಲ್ಲಿ ಹದಿನೈದು ನಿಮಿಷ ಕೂರಿಸಿ ಮತ್ತೆ ನೋಡಿ. ಸೋಂಕಿದ್ದೂ ಲಕ್ಷಣವಿಲ್ಲದ ಮಕ್ಕಳನ್ನು ಥರ್ಮಾಮೀಟರ್ ಹಿಡಿಯುವುದೇ ಇಲ್ಲ.

ಯಹೂದಿ ಕ್ಯಾಂಪಿನ ದಿನಚರಿಗೆ ಅದರದೇ ತೊಡಕುಗಳಿವೆ. ರೊಟ್ಟಿ ತಿನ್ನುವ ಮುಂಚಿನ ನೆತಿಲಾತ್ ಯದಾಯಿಮ್ ಎಂಬ ಧಾರ್ಮಿಕ ವಿಧಿಯಲ್ಲಿ ಎರಡು ಹಿಡಿಯ ಚೊಂಬಿನಿಂದ ಕೈಮೇಲೆ ನೀರು ಹಾಕಿಕೊಳ್ಳುತ್ತಾರೆ, ಸೋಪು ಇರುವುದಿಲ್ಲ. ಅದನ್ನೇ ಕೈತೊಳೆಯುವ ಲೆಕ್ಕಕ್ಕೆ ಹಿಡಿಯಬಾರದು. ಮೊದಲು ಸೋಪಿನಿಂದ 20 ಸೆಕೆಂಡ್, ಆಮೇಲೆ ಚೊಂಬು. ಒಂದೇ ಚೊಂಬನ್ನು ಹತ್ತು ಕೈ ಮುಟ್ಟುವ ಬದಲು ಕೌನ್ಸೆಲರ್ ಒಬ್ಬರೇ ಎಲ್ಲರ ಕೈಗೂ ನೀರು ಹಾಕಲಿ, ಧರ್ಮಶಾಸ್ತ್ರ ಒಪ್ಪುತ್ತದೆ. ಶುಕ್ರವಾರದ ಶಬ್ಬಾತ್ (ಯಹೂದಿಗಳ ವಾರದ ವಿಶ್ರಾಂತಿ ದಿನ) ಸ್ವಾಗತಕ್ಕೆ ಒಂದು ದೊಡ್ಡ ಹಲ್ಲಾ ರೊಟ್ಟಿ ಹರಿದು ಹಂಚುವ ಬದಲು ಮಗುವಿಗೊಂದು ಪುಟ್ಟ ಹಲ್ಲಾ, ದ್ರಾಕ್ಷಿ ರಸಕ್ಕೆ ಮುಚ್ಚಳವಿರುವ ಸಣ್ಣ ಲೋಟ. ಊಟವಾದ ಮೇಲೆ ಮೇಜು ಕುಟ್ಟುತ್ತಾ ಹಾಡುವ ಬಿರ್ಕತ್ ಹಮಝೋನ್ ಎಂಬ ಕೃತಜ್ಞತೆಯ ಪ್ರಾರ್ಥನೆ ಎಲ್ಲಕ್ಕಿಂತ ಅಪಾಯದ್ದು: ಮಾಸ್ಕ್ ತೆಗೆದಿರುತ್ತದೆ, ಎದುರುಬದುರು ಕೂತಿರುತ್ತಾರೆ, ದನಿ ತಾರಕಕ್ಕೇರಿರುತ್ತದೆ. ಮಾಸ್ಕ್ ಹಾಕಿಸಿ, ಒಂದೇ ದಿಕ್ಕಿಗೆ ನಿಲ್ಲಿಸಿ, ಮೆಲ್ಲಗೆ ಹೇಳಿಸಿ. ಮೇಜು ಬೇಕಾದರೆ ಕುಟ್ಟಲಿ ಬಿಡಿ. ಪ್ರಾರ್ಥನಾ ಪುಸ್ತಕ ಮಗುವಿಗೊಂದು, ಜಿಪ್ ಚೀಲದಲ್ಲಿ, ಹೆಸರು ಬರೆದು. ಜೆರಾಕ್ಸ್ ಮಾಡಿ ದಿನಾ ಎಸೆದರಾಯಿತು ಎನ್ನುವ ಹಾಗಿಲ್ಲ, ದೇವರ ಹೆಸರಿರುವ ಕಾಗದ ಕಸಕ್ಕೆ ಹೋಗಬಾರದು.

ಯಹೂದಿ ಪಂಚಾಂಗದ ಆವ್ ಮಾಸದ ಮೊದಲ ಒಂಬತ್ತು ಶೋಕದ ದಿನ (2020ರಲ್ಲಿ ಜುಲೈ 22ರಿಂದ 30) ಆಚರಣೆ ಬಿಗಿಯಾಗಿರುವ ಕ್ಯಾಂಪುಗಳಲ್ಲಿ ಮೋಜಿನ ಈಜು ಇರುವುದಿಲ್ಲ. ಈಜುಕೊಳ ಖಾಲಿಯಾದರೆ ಅಷ್ಟು ಮಕ್ಕಳನ್ನು ಜಿಮ್‌ಗೆ ತಳ್ಳುವುದು ರೂಢಿ. ಆ ವಾರದ ವೇಳಾಪಟ್ಟಿಯನ್ನು ಮೊದಲೇ ಹೊರಾಂಗಣದ್ದಾಗಿ ಬರೆದುಕೊಳ್ಳಿ. ಕಲಿಕೆಯ ಈಜಿಗೆ ಕೆಲವರು ಒಪ್ಪುತ್ತಾರೆ, ನಿಮ್ಮ ಧರ್ಮಗುರು ರಬ್ಬಿಯವರನ್ನು ಕೇಳಿ. ಕೊಳದ ನೀರಿನ ಬಗ್ಗೆ ಚಿಂತೆ ಬೇಡ, ಕ್ಲೋರಿನ್ ಸರಿಯಿದ್ದರೆ ಸಾಕು. ಅಪಾಯ ಇರುವುದು ಬಟ್ಟೆ ಬದಲಿಸುವ ಕೋಣೆಯಲ್ಲಿ. ಮನೆಯಿಂದಲೇ ಈಜುಡುಗೆ ತೊಟ್ಟು ಬರಲಿ. ನೀರಿನಲ್ಲಿ ಮಾಸ್ಕ್ ಕೂಡದು, ಒದ್ದೆಯಾದರೆ ಉಸಿರಾಡುವುದು ಕಷ್ಟ.

ಭದ್ರತೆಯ ವಿಷಯವನ್ನು ಬೇರೆ ಕ್ಯಾಂಪುಗಳು ಇಷ್ಟು ಯೋಚಿಸಬೇಕಿಲ್ಲ. 2018ರ ಅಕ್ಟೋಬರ್‌ನಲ್ಲಿ ಪಿಟ್ಸ್‌ಬರ್ಗ್‌ನ ಯಹೂದಿ ಪ್ರಾರ್ಥನಾ ಮಂದಿರ ಸಿನಗಾಗ್‌ನಲ್ಲಿ ಗುಂಡಿನ ದಾಳಿಯಾದ ಮೇಲಂತೂ ಅಮೆರಿಕದ ಯಹೂದಿ ಸಂಸ್ಥೆಗಳು ಬಾಗಿಲು ಮುಚ್ಚಿ ಬೀಗ ಹಾಕಿಕೊಳ್ಳುವುದನ್ನು ರೂಢಿ ಮಾಡಿಕೊಂಡಿವೆ. ಸೋಂಕಿನ ತಜ್ಞರು ಬಾಗಿಲು ತೆಗೆದಿಡಿ ಅನ್ನುತ್ತಾರೆ, ಕಾವಲಿನವರು ಮುಚ್ಚಿ ಅನ್ನುತ್ತಾರೆ. ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿ ಮಾತಾಡಿಸಿ. ಸಾಮಾನ್ಯವಾಗಿ ಬಗೆಹರಿಯುವುದು ಹೀಗೆ: ಬೀದಿ ಕಡೆಯ ಬಾಗಿಲಿಗೆ ಬೀಗ, ಬೇಲಿಯೊಳಗಿನ ಅಂಗಳಕ್ಕೆ ತೆರೆಯುವ ಕಿಟಕಿ ಬಾಗಿಲೆಲ್ಲ ಬಿಚ್ಚು. ಮಾಸ್ಕಿನ ಹಿಂದೆ ಮುಖ ತಿಳಿಯದ ಕಾರಣ ಕರೆದೊಯ್ಯಲು ಬರುವವರ ಕಾರಿನ ಗಾಜಿಗೆ ಮಗುವಿನ ಹೆಸರಿನ ಬದಲು ಸಂಖ್ಯೆಯ ಚೀಟಿ ಅಂಟಿಸಿ. ಅನುಮಾನ ಬಂದರೆ ಆರಡಿ ದೂರದಿಂದ ಮಾಸ್ಕ್ ಇಳಿಸಿ ಗುರುತಿನ ಚೀಟಿ ತೋರಿಸಲಿ.

ಮಗುವಿಗೆ ಹುಷಾರು ತಪ್ಪಿದರೆ, ಗಾಯಕ್ಕೆ ಬ್ಯಾಂಡೇಜ್ ಕಟ್ಟುವ ಜಾಗಕ್ಕೆ ಕರೆತರಬೇಡಿ, ಬೇರೆ ತೆರೆದ ಟೆಂಟ್ ಇರಲಿ. ಒಂದು ಗಂಟೆಯೊಳಗೆ ಮನೆಯವರು ಬರಬೇಕೆಂದು ನೋಂದಣಿಯಲ್ಲೇ ಒಪ್ಪಿಗೆ ಪಡೆಯಿರಿ. ಪರೀಕ್ಷೆ ಪಾಸಿಟಿವ್ ಬಂದರೆ ಅದೇ ಸಂಜೆ ಆ ಗುಂಪಿನ ಮನೆಗಳಿಗೆಲ್ಲ ಫೋನ್, ಮಗುವಿನ ಹೆಸರು ಹೇಳದೆ. 2020ರಲ್ಲಿ ಸಂಪರ್ಕಕ್ಕೆ ಬಂದವರಿಗೆ ಕ್ವಾರಂಟೈನ್ 14 ದಿನ, ಅಂದರೆ ಆ ಗುಂಪಿನ ಪಾಲಿಗೆ ಬೇಸಿಗೆಯ ದೊಡ್ಡ ಪಾಲು ಹೋದಂತೆ. ಹಣ ವಾಪಸ್ ಕೊಡುವ ನಿಯಮವನ್ನು ಮೊದಲೇ ಬರೆದಿಡಿ. ದುಡ್ಡು ಹೋಗುತ್ತದೆ ಅನ್ನಿಸಿದರೆ ಕೆಮ್ಮುವ ಮಗುವನ್ನೂ ಕಳಿಸುವವರಿದ್ದಾರೆ.

ನ್ಯೂಜೆರ್ಸಿ, ಬಾಸ್ಟನ್ ಕಡೆ ಜೆಸಿಸಿ (ಯಹೂದಿ ಸಮುದಾಯ ಕೇಂದ್ರ) ಕ್ಯಾಂಪುಗಳಿಗೆ ನಮ್ಮ ಕನ್ನಡಿಗರ ಮಕ್ಕಳೂ ಹೋಗುತ್ತಾರೆ. ಅಂಥವರಿಗೆ ಒಂದೆರಡು ಮಾತು. ಹಂಚಿಕೊಂಡು ತಿನ್ನುವುದು ಬೇಡವೆಂದು ಮಗುವಿಗೆ ಹೇಳಿ ಕಳಿಸಿ, ಅದು ನಮಗೆ ಕಷ್ಟವೇ. ಮನೆಯ ಡಬ್ಬಿಯಲ್ಲಿ ಮಾಂಸ ಬೇಡ ಎನ್ನುವ ಕಡೆ ಚಪಾತಿ ಪಲ್ಯಕ್ಕೆ ಹೆಚ್ಚಾಗಿ ತೊಂದರೆಯಿಲ್ಲ. ಕಟ್ಟುನಿಟ್ಟಾದ ಕಡೆ ಕೋಶರ್ (ಯಹೂದಿ ಆಹಾರ ನಿಯಮಕ್ಕೆ ಒಪ್ಪುವ) ಮುದ್ರೆಯಿರುವುದನ್ನೇ ಕೇಳುತ್ತಾರೆ, ಮೊದಲೇ ವಿಚಾರಿಸಿ. ಶೇಂಗಾ ಚಟ್ನಿಪುಡಿ ಮಾತ್ರ ಬೇಡ, ಅಲರ್ಜಿಯಿರುವ ಮಕ್ಕಳಿರುತ್ತಾರೆ. ಸನ್‌ಸ್ಕ್ರೀನ್ ಮನೆಯಲ್ಲೇ ಹಚ್ಚಿ ಕಳಿಸಿದರೆ ಕೌನ್ಸೆಲರ್ ಮಗುವಿನ ಮುಖದ ಹತ್ತಿರ ಬರುವುದು ಒಂದು ಸಲವಾದರೂ ತಪ್ಪುತ್ತದೆ. ಬೆವರಿಗೆ ಮಾಸ್ಕ್ ಬೇಗ ಒದ್ದೆಯಾಗುತ್ತದೆ, ದಿನಕ್ಕೆ ಮೂರು ನಾಲ್ಕು ಬೇಕು. ಶುದ್ಧವಾದವಕ್ಕೆ ಒಂದು ಚೀಲ, ಬಳಸಿದವಕ್ಕೆ ಬೇರೆ ಬಣ್ಣದ ಇನ್ನೊಂದು, ಎರಡರ ಮೇಲೂ ಹೆಸರು.