ಹನ್ನೊಂದು ತಿಂಗಳ ಕರಾರು, ದಿನ ಬಿಟ್ಟು ದಿನ ನೀರು

ರೇಷ್ಮೆ ಸಂಸ್ಥೆ ಮೆಟ್ರೊ ನಿಲ್ದಾಣದಲ್ಲಿ ಇಳಿದು, ಕನಕಪುರ ರಸ್ತೆಯಲ್ಲಿ ಕಗ್ಗಲೀಪುರದ ಕಡೆಗೆ ಹೋಗುವ ಬಸ್ಸು ಹಿಡಿದು, ಮುಖ್ಯರಸ್ತೆಯಿಂದ ಒಂದು ಕಿಲೋಮೀಟರಿನಷ್ಟು ಒಳಗೆ ನಡೆದರೆ ನಾವು ಬಾಡಿಗೆಗಿರುವ ಹಳ್ಳಿ ಸಿಗುತ್ತದೆ. 2021ರ ಜನವರಿಯಲ್ಲಿ ಹಸಿರು ಮಾರ್ಗ ಈ ನಿಲ್ದಾಣದವರೆಗೆ ಬಾರದಿದ್ದರೆ ನಾವು ಇತ್ತ ತಲೆ ಹಾಕುತ್ತಿರಲಿಲ್ಲ. ಜಯನಗರದಲ್ಲಿ ಒಂದು ಕೋಣೆಯ ಮನೆಗೆ ತೆರುತ್ತಿದ್ದ ಬಾಡಿಗೆಗೆ ಇಲ್ಲಿ ಎರಡು ಕೋಣೆ, ಹಿತ್ತಲು, ಹಿತ್ತಲಿನಲ್ಲೊಂದು ನುಗ್ಗೆಮರ ದೊರೆತವು.

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸಾಗಿ ಕೇಳುವುದು ಹಳೆಯ ರೂಢಿ. ನಮ್ಮ ಮಾಲೀಕರು ಐದಕ್ಕೆ ಒಪ್ಪಿದರು. ಭೋಗ್ಯಕ್ಕಾದರೆ ಬಾಡಿಗೆಯೇ ಬೇಡವೆಂದೂ ಹೇಳಿದರು. ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಟ್ಟು, ಮನೆ ಬಿಡುವಾಗ ಹಿಂದಕ್ಕೆ ಪಡೆಯುವ ಈ ಏರ್ಪಾಡು ಆಕರ್ಷಕವೇನೋ ಹೌದು, ಆದರೆ ಅದೇ ಮನೆಯ ಮೇಲೆ ಬ್ಯಾಂಕಿನ ಸಾಲವಿದ್ದರೆ ನಮ್ಮ ಹಣ ಸಿಕ್ಕಿಬೀಳುತ್ತದೆಂಬ ಅಂಜಿಕೆಯಿಂದ ನಾನು ಒಪ್ಪಲಿಲ್ಲ. ಕರಾರುಪತ್ರ ಎಂದಿನಂತೆ ಹನ್ನೊಂದು ತಿಂಗಳಿಗಾಯಿತು. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕಾದ್ದರಿಂದ ಎಲ್ಲರೂ ಈ ಲೆಕ್ಕಕ್ಕೇ ಜೋತುಬಿದ್ದಿದ್ದಾರೆ.

ಆ ಪತ್ರದಲ್ಲಿ ಗೋಡೆಗೆ ಮೊಳೆ ಹೊಡೆಯುವುದರ ಬಗ್ಗೆ ಒಂದು ಷರತ್ತಿತ್ತು, ಸುಣ್ಣಬಣ್ಣಕ್ಕೆ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಷರತ್ತೂ ಇತ್ತು. ನೀರಿನ ಬಗ್ಗೆ ಮಾತ್ರ ಒಂದಕ್ಷರವೂ ಇರಲಿಲ್ಲ. ಮನೆ ನೋಡಲು ಬಂದ ದಿನ ನಲ್ಲಿ ತಿರುಗಿಸಿದಾಗ ನೀರು ಧಾರಾಳವಾಗಿ ಬಂದಿತ್ತು, ನಾನೂ ಹೆಚ್ಚು ಕೇಳಲಿಲ್ಲ. ಅದು ನೀರು ಬಿಡುವ ದಿನವಾಗಿತ್ತೆಂಬುದು ಸಾಮಾನು ಇಳಿಸಿದ ಮರುದಿನ ತಿಳಿಯಿತು.

ಇಲ್ಲಿ ನೀರು ಪಂಚಾಯಿತಿಯ ಕೊಳವೆಬಾವಿಯಿಂದ ದಿನ ಬಿಟ್ಟು ದಿನ ಬರುತ್ತದೆ. ಪಂಪು ಓಡಲು ತ್ರೀ ಫೇಸ್ ಕರೆಂಟು ಬೇಕು. ಅದು ರಾತ್ರಿ ಬಂದರೆ ಟ್ಯಾಂಕು ತುಂಬಿ ನೀರುಗಂಟಿ ಬೆಳಗಿನ ಐದಕ್ಕೇ ವಾಲ್ವ್ ತಿರುಗಿಸುತ್ತಾನೆ. ನಲ್ಲಿ ಮೊದಲು ಉಸ್ಸೆಂದು ಗಾಳಿ ಬಿಡುತ್ತದೆ, ಬಳಿಕ ಕೆಮ್ಮಣ್ಣಿನ ಬಣ್ಣದ ನೀರು ಒಂದಿಷ್ಟು ಹರಿಯುತ್ತದೆ, ಅದು ತಿಳಿಯಾಗುವಷ್ಟರಲ್ಲಿ ಅಕ್ಕಪಕ್ಕದ ಮನೆಗಳಲ್ಲಿ ಡ್ರಮ್ಮಿನ ಮುಚ್ಚಳ ತೆಗೆಯುವ ಸದ್ದು ಕೇಳತೊಡಗುತ್ತದೆ. ನಮ್ಮದು ಬೀದಿಯ ಕೊನೆಯ ಮನೆಯಾದ್ದರಿಂದ ಮೇಲಿನವರ ಸಂಪುಗಳು ತುಂಬಿದ ಮೇಲೆಯೇ ನಮ್ಮ ಪಾಳಿ. ಕುಡಿಯುವ ನೀರಿಗೆ ದೇವಸ್ಥಾನದ ಪಕ್ಕದ ಶುದ್ಧ ನೀರಿನ ಘಟಕವಿದೆ. ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತದೆ. ಅಂಗಡಿಯವನು ಚಿಲ್ಲರೆ ಕೊಡುವಾಗ ಐದರ ನಾಣ್ಯವನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ಕರೆಂಟಿನ ಕಥೆ ಚಿಕ್ಕದು. ಗೃಹಜ್ಯೋತಿಯ ಸೌಲಭ್ಯ ಬಾಡಿಗೆದಾರರಿಗೂ ಉಂಟು, ಆದರೆ ಮಾಲೀಕರ ಮನೆಗೂ ನಮಗೂ ಸೇರಿ ಒಂದೇ ಮೀಟರು, ನಮ್ಮದು ಅದಕ್ಕೆ ಅಂಟಿಕೊಂಡ ಸಬ್ ಮೀಟರು. ಎರಡು ಸಂಸಾರ ಕೂಡಿದರೆ 200 ಯೂನಿಟ್ಟಿನ ಗೆರೆ ದಾಟುವುದಕ್ಕೆ ಬೇಸಿಗೆಯೇ ಬೇಕಿಲ್ಲ.

ಕರಾರು ನವೀಕರಿಸುವಾಗ ನೀರಿನ ಸಾಲೊಂದನ್ನು ಸೇರಿಸೋಣವೆಂದೆ. ಮಾಲೀಕರು ನಕ್ಕು, “ಬರ್ಕೊಳ್ಳಿ ಸಾರ್, ಸೈನ್ ಮಾತ್ರ ನೀರುಗಂಟಿ ಹತ್ರ ಹಾಕಿಸ್ಕೊಳ್ಳಿ” ಎಂದರು. ಬಾಡಿಗೆಗೆ ಐದು ಪರ್ಸೆಂಟ್ ಏರಿಸಿ ಸಹಿ ಹಾಕಿಕೊಟ್ಟೆ. ಸಂಜೆ ಅವರೇ ತಮ್ಮ ಕೊಟ್ಟಿಗೆಯಲ್ಲಿದ್ದ ಹಳೆಯ ನೀಲಿ ಡ್ರಮ್ಮೊಂದನ್ನು ಉರುಳಿಸಿಕೊಂಡು ಬಂದು ನಮ್ಮ ಹಿತ್ತಲಿನಲ್ಲಿ ನಿಲ್ಲಿಸಿ ಹೋದರು.