ಖಾನೇಷುಮಾರಿ ನಂಬರ್ ಬಿಟ್ಟು ಮಾಡಿದ ರಿಜಿಸ್ಟರ್

2007ರ ಜನವರಿಯಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆದಾಗ ನಾನು ಹೊರವಲಯದ ಒಂದು ನಗರಸಭೆಯಲ್ಲಿ ಎಸ್‌ಡಿಎ, ಅಂದರೆ ದ್ವಿತೀಯ ದರ್ಜೆ ಸಹಾಯಕ. ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. 100 ವಾರ್ಡುಗಳ ಹಳೆಯ ಪಾಲಿಕೆಗೆ ಏಳು ನಗರಸಭೆ, ಕೆಂಗೇರಿ ಪುರಸಭೆ, ಸುತ್ತಲಿನ 110 ಹಳ್ಳಿಗಳು ಸೇರಿದವು. ಸುಮಾರು 226 ಚದರ ಕಿಲೋಮೀಟರ್ ಇದ್ದ ಪಾಲಿಕೆ ವ್ಯಾಪ್ತಿ 700 ದಾಟಿತು.

ಹೊರಗಿನವರಿಗೆ ಕಂಡಿದ್ದು ಬೋರ್ಡ್ ಬದಲಾಗಿದ್ದು ಅಷ್ಟೇ. ಒಳಗೆ ಮೂರು ಕಾಯ್ದೆಗಳಡಿ ಬರೆದ ಪುಸ್ತಕಗಳು ಒಂದಾಗಬೇಕಿತ್ತು. ಹಳ್ಳಿಗಳದ್ದು 1993ರ ಪಂಚಾಯತ್ ರಾಜ್ ಕಾಯ್ದೆ, ನಮ್ಮದು 1964ರ ಪುರಸಭೆಗಳ ಕಾಯ್ದೆ, ಪಾಲಿಕೆಯದು 1976ರ ಕಾಯ್ದೆ. ತೆರಿಗೆ ಲೆಕ್ಕ, ಮನೆಗೆ ನಂಬರ್ ಕೊಡುವ ರೀತಿ ಎಲ್ಲವೂ ಬೇರೆ ಬೇರೆ. ಗ್ರಾಮ, ತಾಲ್ಲೂಕು, ಜಿಲ್ಲೆ ಅಂತ ಮೂರು ಹಂತದ ಪಂಚಾಯಿತಿ ನೋಡಿದ್ದ ಹಳ್ಳಿಯವರಿಗೆ ಇನ್ನು ಎಲ್ಲಕ್ಕೂ ಒಂದೇ ಪಾಲಿಕೆ.

ಒಂದು ಪಂಚಾಯಿತಿಯ ಲೆಡ್ಜರ್‌ಗಳು ಗೋಣಿಚೀಲದಲ್ಲಿ ಟೆಂಪೋ ಹತ್ತಿ ಬಂದವು. ಅಂಚೆಲ್ಲ ಗೆದ್ದಲು ತಿಂದಿತ್ತು. ಅದನ್ನೆಲ್ಲ ಹೊಸ ರಿಜಿಸ್ಟರ್‌ಗೆ ಇಳಿಸುವ ಕೆಲಸ ನನ್ನದು. ಹಳೆಯ ಪುಸ್ತಕದಲ್ಲಿ ಪ್ರತಿ ಮನೆಗೂ ಖಾನೇಷುಮಾರಿ ನಂಬರ್, ಅಂದರೆ ಪಂಚಾಯಿತಿ ಕೊಟ್ಟ ಮನೆ ನಂಬರ್, ಪಕ್ಕದಲ್ಲಿ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ. ಪೂರ್ವಕ್ಕೆ ಹುಣಸೆಮರ, ಉತ್ತರಕ್ಕೆ ಮಾರಮ್ಮನ ಗುಡಿಗೆ ಹೋಗುವ ಓಣಿ. ಅಳತೆಯೇ ಇಲ್ಲದ ಈ ಮಾತುಗಳನ್ನು ಇಟ್ಟುಕೊಂಡು ಏನು ಮಾಡೋದು ಅಂದುಕೊಂಡೆ. ಬೀದಿ ಹಿಡಿದು ಒಂದರಿಂದ ಹೊಸ ನಂಬರ್ ಹಾಕಿದೆ. ಹಳೆಯ ನಂಬರಿಗೆ ಕಾಲಂ ಇಡಲಿಲ್ಲ. ಯಾರೂ ಹೇಳಿಕೊಟ್ಟಿದ್ದಲ್ಲ, ಪುಟ ಚೊಕ್ಕಟವಾಗಿ ಕಾಣಲಿ ಅಂತ ನಾನೇ ಮಾಡಿದ್ದು.

ಮುಂದಿನ ವರ್ಷ ಒಬ್ಬ ಅಜ್ಜಿ ಬಂದರು. ಗಂಡ ತೀರಿಕೊಂಡಿದ್ದರು, ಮನೆಯ ಖಾತೆ, ಅಂದರೆ ತೆರಿಗೆ ಪುಸ್ತಕದ ದಾಖಲೆ, ತಮ್ಮ ಹೆಸರಿಗೆ ಆಗಬೇಕಿತ್ತು. ಪ್ಲಾಸ್ಟಿಕ್ ಕವರ್‌ನಿಂದ ಕಂದಾಯದ ರಸೀದಿಗಳನ್ನು ಒಂದೊಂದಾಗಿ ತೆಗೆದು ಟೇಬಲ್ ಮೇಲೆ ಜೋಡಿಸಿದರು. ಎಲ್ಲದರಲ್ಲೂ 42/2 ಅಂತ ಇತ್ತು. ನನ್ನ ರಿಜಿಸ್ಟರ್‌ನಲ್ಲಿ ಆ ನಂಬರೂ ಇಲ್ಲ, ಅವರ ಗಂಡನ ಹೆಸರೂ ಇಲ್ಲ.

"ನಮ್ಮಲ್ಲಿ ಇಲ್ಲ ಅಜ್ಜಿ" ಅಂದೆ.

"ಮನೆ ಅಲ್ಲೇ ಐತಲ್ಲಪ್ಪ, ಎಲ್ಲಿಗೂ ಹೋಗಿಲ್ವಲ್ಲ" ಅಂದರು.

ನಾಲ್ಕು ಸಲ ಬಂದರು. ನಾಲ್ಕನೇ ಸಲ ಅವರ ಜೊತೆ ಪಂಚಾಯಿತಿ ಕಾಲದಲ್ಲಿ ನೀರು ಬಿಡುತ್ತಿದ್ದ ನೀರಗಂಟಿ ಬಂದಿದ್ದರು. ಊರಿನ ಪ್ರತಿ ನಲ್ಲಿ ಗೊತ್ತಿದ್ದವರು. "ಸಾರ್, ಹಳೇ ಬುಕ್ಕಲ್ಲಿ ಚಕ್ಕುಬಂದಿ ನೋಡಿ, ಗುಡಿ ಓಣಿ ಅಂತ ಇರ್ತದೆ" ಅಂದರು. ಗೋಡೌನ್‌ಗೆ ಹೋಗಿ ಚೀಲ ಬಿಚ್ಚಿದೆವು. ಸಿಕ್ಕಿತು. 42/1 ಮೈದುನನದು, 42/2 ಇವರದು. ಎರಡನ್ನೂ ಒಂದೇ ಮನೆ ಅಂದುಕೊಂಡು ಮೈದುನನ ಹೆಸರಿಗೆ ಬರೆದಿದ್ದೆ. ನನ್ನ ರಿಜಿಸ್ಟರ್ ಪ್ರಕಾರ ತಾನು ಬಾಳಿದ ಮನೆಯೇ ಆಕೆಯದಲ್ಲ ಅನ್ನುವ ಹಾಗೆ ಆಗಿಬಿಟ್ಟಿತ್ತು. ನನ್ನ ಕೈ ನಡುಗಿತು. ಸ್ಥಳ ಮಹಜರು, ಅಕ್ಕಪಕ್ಕದವರ ಹೇಳಿಕೆ, ಮೇಲಿನವರ ಆದೇಶ ಎಲ್ಲ ಮುಗಿದು ಸರಿಯಾಗಲು ಎಂಟು ತಿಂಗಳು ಹಿಡಿಯಿತು. ಮೈದುನ ಒಳ್ಳೆಯ ಮನುಷ್ಯ, ತಕರಾರು ತೆಗೆಯಲಿಲ್ಲ. ತೆಗೆದಿದ್ದರೆ ಆ ಅಜ್ಜಿ ಕೋರ್ಟಿಗೆ ಅಲೆಯಬೇಕಿತ್ತು, ಅಲ್ವಾ?

ಒಂದು ಊರು ಇನ್ನೊಂದರಲ್ಲಿ ಸೇರುವಾಗ ನಾವು ಹೊಸ ನಂಬರ್ ಕೊಡುವುದರಲ್ಲೇ ಮುಳುಗಿರುತ್ತೇವೆ. ಜನರ ಕೈಯಲ್ಲಿರುವುದು ಹಳೆಯದು. ಕ್ರಯಪತ್ರ, ಕರೆಂಟ್ ಬಿಲ್, ಬ್ಯಾಂಕಿನ ಅಡಮಾನ ಎಲ್ಲದರಲ್ಲೂ ಅದೇ. ಹಳೆಯ ನಂಬರಿನಿಂದ ಹೊಸದಕ್ಕೆ ದಾರಿ ಇಲ್ಲದಿದ್ದರೆ ಎಷ್ಟು ಅಂದವಾದ ರಿಜಿಸ್ಟರ್ ಆದರೂ ಅವರ ಪಾಲಿಗೆ ಸುಮ್ನೆ ಕಾಗದ.

2025ರ ಸೆಪ್ಟೆಂಬರ್ 2ಕ್ಕೆ ಅದೇ ಪಾಲಿಕೆ ಐದಾಯಿತು. ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಈ ಸಲ ಕಡತ ಹಂಚುವ ಪಟ್ಟಿ ಮಾಡುವವರಲ್ಲಿ ನಾನೂ ಒಬ್ಬ. ಮೊದಲ ದಿನವೇ ಹಟ ಹಿಡಿದು ಮೂರು ಕಾಲಂ ಹಾಕಿಸಿದೆ: ಖಾನೇಷುಮಾರಿ, ನಗರಸಭೆ ನಂಬರ್, ಪಿಐಡಿ (ಪಾಲಿಕೆ ಕೊಟ್ಟ ಆಸ್ತಿ ಗುರುತಿನ ನಂಬರ್). ಹೊಸದಾಗಿ ಸೇರಿದ ಹುಡುಗಿ "ಸಾರ್, ಮೊದಲನೆಯದು ಯಾರಿಗೆ ಬೇಕು? ಶೀಟ್ ತುಂಬಾ ಅಗಲ ಆಗ್ತಿದೆ" ಅಂದಳು. ಅವಳನ್ನು ಗೋಡೌನ್‌ಗೆ ಕರೆದುಕೊಂಡು ಹೋಗಿ 42/2 ಇರುವ ಪುಟ ತೆಗೆದು ತೋರಿಸಿದೆ.

ಆ ಕಾಲಂನಲ್ಲಿ ಖಾಲಿ ಉಳಿದ ಸಾಲುಗಳು ಇನ್ನೂ ಜಾಸ್ತಿ ಇವೆ. ಬಿಡುವಾದಾಗ ನಾನೂ ಅವಳೂ ಒಂದೊಂದೇ ಚೀಲ ಬಿಚ್ಚಿ ತುಂಬಿಸುತ್ತಿದ್ದೇವೆ.